ಸೋಮವಾರದ ಜೀಪು

ಎತ್ತು ಮಾರಿ ಜೀಪು ತರುವ ಮಾತು ತೋಟಪ್ಪನ ಮನೆಯಲ್ಲಿ ಊಟದ ಹೊತ್ತಿಗೇ ಏಳುತ್ತಿತ್ತು, ಊಟದ ಹೊತ್ತಿಗೇ ಜಗಳವಾಗಿ ಮುಗಿಯುತ್ತಿತ್ತು. ಶಿಕಾರಿಪುರದ ಪೇಟೆಯಲ್ಲಿ ಅವನದು ಬೆಲ್ಲ, ಮೆಣಸಿನಕಾಯಿ, ಬೆಳ್ಳುಳ್ಳಿಯ ವ್ಯಾಪಾರ. ವಾರಕ್ಕೆ ಮೂರು ಸಂತೆಗೆ ಗಾಡಿ ಕಟ್ಟಬೇಕು. ಆನವಟ್ಟಿಗೆ ಹಿಂದಿನ ಸಂಜೆಯೇ ಹೊರಟ ಎತ್ತಿನ ಗಾಡಿ ತಲುಪುವ ಹೊತ್ತಿಗೆ ಲಾರಿಯಲ್ಲಿ ಬಂದ ದಾವಣಗೆರೆಯವರು ಒಳ್ಳೆ ಜಾಗ ಹಿಡಿದು ಅರ್ಧ ಮಾಲು ಮಾರಿ ಕೂತಿರುತ್ತಿದ್ದರು. ಹೀಗಾಗಿ ಜೀಪು ಬೇಕು ಅನ್ನುವುದರಲ್ಲಿ ಯಾರಿಗೂ ತಕರಾರಿರಲಿಲ್ಲ. ತಕರಾರೆಲ್ಲ ಅದು ಏನು ಕುಡಿಯಬೇಕು ಅನ್ನುವುದರ ಮೇಲೆ.

ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ ಎರಡು ಜೀಪು ಮಾರಾಟಕ್ಕಿದ್ದವು. ಎರಡೂ ಮಿಲಿಟರಿಯವರು ಹರಾಜಿಗೆ ಹಾಕಿದವು. ನಾಲ್ಕು ಗಾಲಿಗೂ ಎಳೆತವಿದ್ದುದರಿಂದ ಎಂಥ ಕೆಸರಿನಲ್ಲೂ ಹೂತು ನಿಲ್ಲುವಂಥವಲ್ಲ. ಒಂದಕ್ಕೆ ಮೊದಲಿನ ಪೆಟ್ರೋಲ್ ಎಂಜಿನ್ನೇ ಇತ್ತು. ಇನ್ನೊಂದರದು ಕಿತ್ತು ಡೀಸೆಲ್ ಎಂಜಿನ್ ಕೂರಿಸಿದ್ದರು.

"ಡೀಸೆಲ್ಲೇ ಸೈ," ಅಂದ ತೋಟಪ್ಪ, ಮೂರನೆಯ ರೊಟ್ಟಿಗೆ ಕೈ ಹಾಕಿ. "ಪೆಟ್ರೋಲಿನ ಅರ್ಧ ಕ್ರಯ ಬೀಳಂಗಿಲ್ಲ. ಹಿಟ್ಟಿನ ಗಿರಣಿ ಎಂಜಿನ್ ಕಂಡಿಲ್ಲೇನು? ದಿನಾ ಪೂರಾ ಓಡಿದ್ರೂ ಎಣ್ಣಿ ಮುಗಿಯಂಗಿಲ್ಲ."

"ಗಿರಣಿ ನಿಂತಲ್ಲೇ ಓಡ್ತತಿ ಅಪ್ಪಾ," ಅಂದ ಹಿರಿಮಗ ಪರಮಶಿವಪ್ಪ. "ಪೆಟ್ರೋಲ್ ಗಾಡಿ ಆದ್ರೆ ಹ್ಯಾಂಡಲ್ ಹಾಕಿ ಒಂದು ತಿರುವು ತಿರುವಿದ್ರೆ ಚಾಲೂ. ಡೀಸೆಲ್ಲಿಗೆ ಚಳಿಯಾಗೆ ಎಂಜಿನ್ ಬಿಸಿ ಆಗೋಗಂಟ ಕಾಯಬೇಕಂತೆ. ಬ್ಯಾಟ್ರಿ ಗಟ್ಟಿ ಇರಬೇಕಂತೆ."

"ಯಾರಂದ್ರು?"

"ಗ್ಯಾರೇಜಿನ ಮೇಸ್ತ್ರಿನೇ ಅಂದ."

"ಅವಂಗೆ ಪೆಟ್ರೋಲ್ ಗಾಡಿ ಸಾಗಹಾಕಬೇಕಾಗಿರ್ತತಿ, ಅಂತಾನೆ."

ಪರಮಶಿವಪ್ಪನದು ಒಂದು ಗುಣ. ವಾದ ಸರಿಯಾಗಿಯೇ ಶುರು ಮಾಡುತ್ತಿದ್ದ. ಅಪ್ಪ ದನಿ ಏರಿಸಿದ ಕೂಡಲೇ ನೀರಿನ ತಂಬಿಗೆಗೆ ಕೈ ಹಾಕುತ್ತಿದ್ದ. ಅವನ ತಮ್ಮ ವೀರಬಸಪ್ಪನಿಗೆ ಪೆಟ್ರೋಲಾದರೂ ಒಂದೇ, ಡೀಸೆಲ್ಲಾದರೂ ಒಂದೇ. ಮರದ ಕಂಟ್ರಾಕ್ಟರನೊಬ್ಬನ ಪೆಟ್ರೋಲ್ ಲಾರಿ ಎರಡು ವರ್ಷ ಓಡಿಸಿ ಬಂದಿದ್ದ. ಸ್ಟೇರಿಂಗು ತನ್ನ ಕೈಗೆ ಸಿಕ್ಕರೆ ಸಾಕಾಗಿತ್ತು.

ಆಗ ಅಡುಗೆಮನೆ ಬಾಗಿಲ ಮರೆಯಿಂದ ಹಿರಿಸೊಸೆ ವನಜಮ್ಮ ಹೇಳಿದಳು: "ಅತ್ತಿ, ಯಾವ್ದಾದ್ರೂ ತರ್ಲಿ. ಕರೆದ ಗಳಿಗ್ಯಾಗೆ ಹೊರಡೋದು ತರ್ಲಿ ಅಂತ ಮಾವಾರಿಗೆ ಹೇಳ್ರಿ."

ಮದುವೆಯಾಗಿ ಹತ್ತು ವರ್ಷ ಕಳೆದರೂ ಅವಳು ಮಾವನ ಜತೆ ನೇರ ಮಾತಾಡುತ್ತಿರಲಿಲ್ಲ, ಆ ಮನೆಯ ಪದ್ಧತಿಯೇ ಹಾಗೆ. ಎಲ್ಲವೂ ಅತ್ತೆ ಬಸಕ್ಕನ ಮೂಲಕ ಹೋಗಬೇಕು. ಮಾವನ ಕಿವಿಗೆ ಅದು ಮೊದಲ ಸಲವೇ ಬಿದ್ದಿದ್ದರೂ ಬಸಕ್ಕ ಇನ್ನೊಮ್ಮೆ ಹೇಳಬೇಕು.

"ಕೇಳಿಸ್ತೇನ್ರಿ? ಕರೆದ ಗಳಿಗ್ಯಾಗೆ ಹೊರಡಬೇಕಂತೆ. ಈ ಮನೆ ಗಂಡಸ್ರೇ ಯಾರೂ ಕರೆದ ಗಳಿಗ್ಯಾಗೆ ಹೊರಟೋರಲ್ಲ, ಇನ್ನು ಜೀಪು ಹೊರಡತತಂತೆ!" ಅಂದಳು ಬಸಕ್ಕ. ಎಲ್ಲರೂ ನಕ್ಕರು. ವನಜಮ್ಮ ನಗಲಿಲ್ಲ.

ಅವಳ ತವರು ಸೊರಬದಾಚೆಯ ಉಳವಿ. ಅಲ್ಲಿ ಅವಳ ತಾಯಿ ಲೋಕಮ್ಮನಿಗೆ ದಸರೆಯಿಂದ ಕಾಲು ಬಾತು, ನಾಲ್ಕು ಹೆಜ್ಜೆ ಇಟ್ಟರೆ ಉಸಿರು ಸಿಕ್ಕಿಹಾಕಿಕೊಳ್ಳುತ್ತಿತ್ತು. ಸೊರಬದ ಡಾಕ್ಟರು ಎದೆ ದುರ್ಬಲವಾಗಿದೆ, ಯಾವಾಗ ಏನೆಂದು ಹೇಳಲಾಗದು ಅಂದಿದ್ದರು. ಶಿಕಾರಿಪುರದಿಂದ ಸೊರಬಕ್ಕೆ ಬೆಳಿಗ್ಗೆ ಒಂದು ಬಸ್ಸು, ಮಧ್ಯಾಹ್ನ ಒಂದು. ಜೀಪಿನ ಮಾತು ಬಂದಾಗ ವನಜಮ್ಮ ತವರಿನವರು ಹಾಕಿದ್ದ ಪಾಟ್ಲಿ ಬಳೆಗಳನ್ನು ತಾನಾಗಿಯೇ ಬಿಚ್ಚಿಕೊಟ್ಟಿದ್ದು ಮೆಣಸಿನಕಾಯಿ ಮಾರಲಿಕ್ಕಲ್ಲ. ಅವ್ವನಿಂದ ಕರೆ ಬಂದಾಗ ಹೊರಡುವುದಕ್ಕೆ. ಇದು ಮನೆಯ ಎಲ್ಲರಿಗೂ ಗೊತ್ತಿತ್ತು, ತೋಟಪ್ಪನೂ ಆಗಲಿ ಎಂದು ತಲೆಯಾಡಿಸಿದ್ದ.

ದೀಪಾವಳಿ ಕಳೆದು ಅಪ್ಪ ಮಕ್ಕಳು ಶಿವಮೊಗ್ಗಕ್ಕೆ ಹೋದರು. ಗ್ಯಾರೇಜಿನಲ್ಲಿ ಪೆಟ್ರೋಲ್ ಜೀಪು ಅರ್ಧ ತಿರುವಿಗೇ ಚಾಲೂ ಆಗಿ ಸದ್ದಿಲ್ಲದೆ ನಿಂತಿತು. ಡೀಸೆಲ್ಲಿನದು ಎರಡು ಸಲ ಗೊರಗುಟ್ಟಿ, ಮೂರನೆಯದಕ್ಕೆ ಕರಿ ಹೊಗೆ ಕಾರಿ, ತಗಡಿನ ಬಾಗಿಲು ಅದುರುವಂತೆ ಕುಟ್ಟತೊಡಗಿತು. ತೋಟಪ್ಪನ ಮುಖ ಅರಳಿತು. ಗಿರಣಿಯ ಸದ್ದೇ ಅದು, ಅಂದರೆ ಕೆಲಸ ಮಾಡುವ ಸದ್ದು. ಹಣ ಕೊಟ್ಟಾಯಿತು.

ಹೊರಡುವಾಗ ಮೇಸ್ತ್ರಿ ಡ್ರೈವರ್ ಸೀಟಿನ ಕೆಳಗಿನ ಎಣ್ಣೆಯ ನಲ್ಲಿ ತೋರಿಸಿದ. ರಿಪೇರಿ ಮಾಡುವಾಗ ಮಾತ್ರ ಅದನ್ನು ಮುಚ್ಚುವುದಂತೆ. "ಒಂದು ನೆನಪಿಟ್ಕಳ್ರಿ ಯಜಮಾನ್ರೇ. ಟ್ಯಾಂಕ್ ಖಾಲಿ ಆಗಾಕೆ ಬಿಡಬೇಡ್ರಿ. ಪೈಪಿನಾಗೆ ಗಾಳಿ ಹೊಕ್ಕರೆ ಇದು ಏಳಂಗಿಲ್ಲ."

"ನಮ್ಮನ್ಯಾಗೆ ಯಾವ ಡಬ್ಬಿನೂ ಖಾಲಿ ಇರಂಗಿಲ್ಲ ಬಿಡಪ್ಪ," ಅಂದ ತೋಟಪ್ಪ. ಅವನು ತಿಳಿದುಕೊಂಡದ್ದು ಇಷ್ಟೇ. ಟ್ಯಾಂಕು ತುಂಬಿರಬೇಕು.

ಎತ್ತಿನ ಜೋಡಿ ಈಸೂರಿನ ರೈತನೊಬ್ಬನ ಕೊಟ್ಟಿಗೆ ಸೇರಿತು. ಅವುಗಳ ಜಾಗದಲ್ಲಿ ಜೀಪು ನಿಂತಿತು. ತೋಟಪ್ಪ ಅದರ ಮೂತಿಗೆ ಮೂರು ಬೆರಳಿನ ವಿಭೂತಿ ಎಳೆದು, ತೆಂಗಿನಕಾಯಿ ಒಡೆದು, ಮಕ್ಕಳಿಗೆ ಕಟ್ಟಪ್ಪಣೆ ಮಾಡಿದ: "ಸೋಮವಾರ ಇದನ್ನ ಹೂಡಂಗಿಲ್ಲ."

ಸೋಮವಾರ ಬಸವಣ್ಣನ ವಾರ. ಆ ಮನೆಯಲ್ಲಿ ಅಜ್ಜ ಮುತ್ತಜ್ಜನ ಕಾಲದಿಂದ ಅಂದು ಎತ್ತಿನ ಹೆಗಲಿಗೆ ನೊಗ ಇಟ್ಟವರಿಲ್ಲ. ಸುತ್ತಿನ ಎಷ್ಟೋ ಮನೆಗಳಲ್ಲಿ ಇರುವ ನೇಮವೇ ಇದು. ಆದರೆ ಜೀಪಿಗೆ?

"ಇದಕ್ಕೇನು ಹೆಗಲು ನೋಯ್ತತೇನಪ್ಪಾ?" ಅಂದ ವೀರಬಸಪ್ಪ.

"ಎತ್ತಿನ ಕೆಲಸ ಮಾಡ್ತತಿ ಅಂದ್ಮೇಲೆ ಎತ್ತಿನ ನೇಮ ಐತಿ. ಕಬ್ಬಿಣ ಆದ್ರೇನು, ಅನ್ನ ಹಾಕೋದು ಅದೇ ಅಲ್ಲೇನು?"

ಮಾತಿನಲ್ಲಿ ಅವನನ್ನು ಗೆಲ್ಲುವವರು ಆ ಮನೆಯಲ್ಲಿ ಇರಲಿಲ್ಲ. ಇದ್ದಿದ್ದರೆ ಎಷ್ಟೋ ಒಳ್ಳೆಯದಾಗುತ್ತಿತ್ತು.

ಮೊದಲ ವಾರಗಳು ಸಂಭ್ರಮದಲ್ಲೇ ಕಳೆದವು. ಸಂತೆಯಲ್ಲಿ ಒಳ್ಳೆ ಜಾಗ ಸಿಕ್ಕಿತು. ಆದರೆ ಮನೆಯಲ್ಲಿ ಎಣ್ಣೆಯ ನಾತ ಹೊಕ್ಕಿತು. ಬೆಲ್ಲದ ಪೆಂಟೆಗೆ ಅದೇ ವಾಸನೆ, ವೀರಬಸಪ್ಪನ ಅಂಗಿಗೆ ಅದೇ ವಾಸನೆ. ಒಗೆಯುವವಳು ವನಜಮ್ಮ. ಸೀಗೆಪುಡಿ ಹಾಕಿ ತಿಕ್ಕಿದರೂ ಕಲೆ ಹೋಗದು. ಗಿರಾಕಿಗಳು ಬೆಲ್ಲ ಮೂಸಿ ಬಿಟ್ಟು ಹೋದರೆಂದು ಪರಮಶಿವಪ್ಪ ಊಟಕ್ಕೆ ಕೂತು ಗೊಣಗುವುದು, "ಪೆಟ್ರೋಲ್ ಕುಡಿಸಿದ್ರೆ ಬೆಲ್ಲ ಮಾರಿದ್ದೆಲ್ಲ ಅದಕ್ಕೇ ಸುರೀಬೇಕಾಗಿತ್ತು" ಎಂದು ತೋಟಪ್ಪ ಗದರುವುದು, ಬಸಕ್ಕ ಇಬ್ಬರ ತಟ್ಟೆಗೂ ಸಾರು ಸುರಿದು ಬಾಯಿ ಮುಚ್ಚಿಸುವುದು, ಇದೇ ದಿನಾಲೂ ನಡೆಯಿತು.

ಚಳಿ ಬಿದ್ದ ಮೇಲೆ ಒಂದು ಶುಕ್ರವಾರ ಪರಮಶಿವಪ್ಪ ಹೆಂಡತಿಯನ್ನು ಉಳವಿಗೆ ಕರೆದುಕೊಂಡು ಹೋದ. ವೀರಬಸಪ್ಪ ಓಡಿಸಿದ. ಲೋಕಮ್ಮ ಗೋಡೆಗೆ ಒರಗಿಯೇ ಕೂತಿದ್ದಳು, ಮಲಗಿದರೆ ಉಸಿರಾಡಲು ಆಗುತ್ತಿರಲಿಲ್ಲ. ಜೀಪಿನ ಸದ್ದು ಕೇಳಿ, "ಯಾರ ಮನೆಗೆ ಗಿರಣಿ ತಂದ್ರೇ?" ಅಂದಳು. ಮಗಳು ಒಳಗೆ ಬಂದದ್ದು ಕಂಡು ಅವಳ ಕೈ ಹಿಡಿದುಕೊಂಡಳು, ಸಂಜೆಯವರೆಗೆ ಬಿಡಲಿಲ್ಲ.

"ನಿನ್ನ ಬಳೆ ಎಲ್ಲೇ?"

"ಹೊರಗೆ ನಿಂತೈತಲ್ಲವ್ವ."

ಲೋಕಮ್ಮ ನಕ್ಕಳು. ನಗುವುದಕ್ಕೂ ಉಸಿರು ಬೇಕು. ಸುಧಾರಿಸಿಕೊಂಡು ಹೇಳಿದಳು: "ವನಜಿ, ನಂಗಿನ್ನೇನೂ ಬ್ಯಾಡ. ಜಯಪ್ಪ ಐದಾನೆ, ಸೊಸೆ ಐದಾಳೆ, ನೋಡ್ಕಂತಾರೆ. ಕೊನೆಗೆ ಬಾಯಿಗೆ ನೀರು ಮಾತ್ರ ನೀನೇ ಬಿಡು. ಇದ್ದೊಬ್ಬಳು ಮಗಳು ನೀನು."

"ಹಂಗನಬ್ಯಾಡವ್ವ. ಹೇಳಿ ಕಳಿಸು, ಬರ್ತೀನಿ. ಗಾಡಿ ಐತಲ್ಲ."

ಮರುದಿನ ಬೆಳಿಗ್ಗೆ ಗಾಡಿ ಚಾಲೂ ಆಗಲಿಲ್ಲ. ಭತ್ತ ಬಡಿಯುತ್ತಿದ್ದ ಕಣದ ಆಳುಗಳು ಬಂದು ಊರಾಚೆಯ ಇಳಿಜಾರಿನವರೆಗೆ ತಳ್ಳಿದರು. ವನಜಮ್ಮನ ಅಣ್ಣ ಜಯಪ್ಪನೂ ಹೆಗಲು ಕೊಟ್ಟು ತಳ್ಳಿದ. "ಭಾವಾರೇ, ಪೆಟ್ರೋಲಿಂದು ತರಬಾರದಾಗಿತ್ತಾ?" ಎಂದು ನಗುತ್ತ ಕೇಳಿದ. ಪರಮಶಿವಪ್ಪ ಬೆವರು ಒರೆಸಿಕೊಂಡ.

ಇಷ್ಟರಲ್ಲಿ ವೀರಬಸಪ್ಪ ಒಂದು ಸೋಮವಾರ ಕಳ್ಳತನದಲ್ಲಿ ಜೀಪು ಹೊರಡಿಸಿ, ಶಿರಾಳಕೊಪ್ಪದವರೆಗೆ ಬಾಡಿಗೆಗೆ ಜನ ತುಂಬಿ, ಅಪ್ಪ ಅಂಗಡಿಯಿಂದ ಬರುವುದರೊಳಗೆ ತಂದು ನಿಲ್ಲಿಸಿದ. ಪೇಟೆಯಲ್ಲಿ ಇಂಥದ್ದು ಮುಚ್ಚಿಡಲಾದೀತೆ? ತೋಟಪ್ಪ ಮಗನನ್ನು ಹೊಡೆಯಲಿಲ್ಲ, ಆ ವಯಸ್ಸು ದಾಟಿತ್ತು. ಊಟ ಬಿಟ್ಟ. ಮನೆಯೆಲ್ಲ ಕೈಮುಗಿದು ಕಾಡಿದ ಮೇಲೆ ಉಂಡ. ಮುಂದಿನ ಭಾನುವಾರ ಮುಸ್ಸಂಜೆ, ಯಾರೂ ಕಾಣದಾಗ, ಸೀಟು ಎತ್ತಿ ಎಣ್ಣೆಯ ನಲ್ಲಿ ತಿರುಗಿಸಿ ಮುಚ್ಚಿದ. ಮಂಗಳವಾರ ನಸುಕಿನಲ್ಲಿ ಪೂಜೆಗೆ ಮುಂಚೆ ತಾನೇ ತೆರೆದ. ಎತ್ತಿನ ಕೊರಳಿನ ಕಣ್ಣಿ ಬಿಚ್ಚಿ ಕಟ್ಟಿದಷ್ಟೇ ಸಲೀಸು ಅನಿಸಿತು. ವಾರವಾರವೂ ಹಾಗೇ ಮಾಡಿದ. ಹೆಂಡತಿಗೂ ಹೇಳಲಿಲ್ಲ.

ಪುಷ್ಯದ ಒಂದು ಸೋಮವಾರ, ಸೊರಬದ ಬೆಳಗಿನ ಬಸ್ಸು ಹೋಗಿ ಸ್ವಲ್ಪ ಹೊತ್ತಾಗಿತ್ತು. ಉಳವಿಯ ಮನೆಯ ಆಳು ಹೂವಪ್ಪ ಸೈಕಲ್ಲಿನಿಂದ ಇಳಿದು ಜಗಲಿಯ ಮೇಲೆ ಕುಸಿದ. ಕತ್ತಲಿರುವಾಗಲೇ ಹೊರಟಿದ್ದನಂತೆ.

"ಅಮ್ಮಾರಿಗೆ ರಾತ್ರಿಯಿಂದ ಭಾಳ ಆಗೈತೆ. ವನಜವ್ವನ್ನ ಕರ್ಕಂಬಾ ಅಂತಾರೆ. ಬ್ಯಾರೆ ಮಾತೇ ಇಲ್ಲ. ಬೇಗ ಹೊರಡ್ರಿ."

ಜಗಲಿಯ ಆ ತುದಿಯಲ್ಲಿ ತೋಟಪ್ಪ ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದ. ವನಜಮ್ಮ ಒಳಗಿನಿಂದ ಬಂದಳು. ಬಾಗಿಲ ಮರೆಯಲ್ಲಿ ನಿಲ್ಲಲಿಲ್ಲ. ಅತ್ತೆಯನ್ನು ಹುಡುಕಲಿಲ್ಲ. ಹಿಟ್ಟಿನ ಕೈಯಲ್ಲೇ ಮಾವನ ಮುಂದೆ ನಿಂತಳು.

"ಮಾವಾರೆ, ಗಾಡಿ ಕಳಿಸ್ರಿ."

ತೋಟಪ್ಪನಿಗೆ ಮೊದಲು ಅವಳು ನೇರ ಮಾತಾಡಿದ್ದೇ ದಿಗಿಲಾಯಿತು. "ಇವತ್ತು ಸೋಮವಾರ, ತಾಯಿ."

"ಗೊತ್ತೈತ್ರಿ."

"ಮಧ್ಯಾಹ್ನದ ಬಸ್ಸಿಗೆ ಹೋಗ್ರಿ. ಶಿವ ಕಾಯ್ತಾನೆ, ಏನೂ ಆಗಂಗಿಲ್ಲ."

"ಬಸ್ಸಿಗೆ ಹೋದ್ರೆ ಕತ್ತಲಾಗ್ತತ್ರಿ. ನಮ್ಮವ್ವ ಅಲ್ಲಿಗಂಟ ಉಳಿಯಂಗಿಲ್ಲ."

ಬಸಕ್ಕ ಹೊಸಿಲ ಮೇಲಿಂದಲೇ ಅಂದಳು: "ಕಳಿಸ್ರೀ. ಬಸವಣ್ಣ ಏನೂ ಸಿಟ್ಟಾಗಂಗಿಲ್ಲ. ಅವಂಗೂ ತಾಯಿ ಇದ್ದಳು."

"ನೀ ಒಳಗೆ ಹೋಗು."

ಆಗ ಪರಮಶಿವಪ್ಪ, ಜನ್ಮದಲ್ಲಿ ಮೊದಲ ಸಲ, ತಂಬಿಗೆಗೆ ಕೈ ಹಾಕಲಿಲ್ಲ. "ಅಪ್ಪಾ, ಇವತ್ತು ಹೂಡ್ತೀವಿ," ಅಂದ. "ಏನು ಪಾಪ ಬಂದ್ರೂ ನನ್ನ ತಲಿಗಿರ್ಲಿ. ವೀರಬಸೂ, ಗಾಡಿ ತೆಗಿ."

ವೀರಬಸಪ್ಪ ಕೊಟ್ಟಿಗೆಗೆ ಓಡಿದ. ಎಂಜಿನ್ ಎರಡು ಸಲ ಗೊರಗುಟ್ಟಿ ಚಾಲೂ ಆಯಿತು. ವನಜಮ್ಮ ಕೈ ತೊಳೆಯದೆ ಹತ್ತಿ ಕೂತಳು, ಪರಮಶಿವಪ್ಪನೂ ಹತ್ತಿದ.

ನಲ್ಲಿ ಮುಚ್ಚಿದೆ. ಎರಡೇ ಮಾತು. ತೋಟಪ್ಪ ಅದನ್ನು ಹೇಳಲಿಲ್ಲ. ಮಗ ಎದುರು ಮಾತಾಡಿದ ಉರಿ ಇನ್ನೂ ಎದೆಯಲ್ಲಿತ್ತು. ಪೈಪಿನ ಎಣ್ಣೆ ತೀರಿ ಓಣಿಯ ಮೂಲೆಯಲ್ಲೇ ನಿಲ್ಲುತ್ತದೆ, ಬಂದು ಕೇಳುತ್ತಾರೆ, ಆಗ ಒಂದೆರಡು ಮಾತು ಅಂದು ತೆರೆದುಕೊಟ್ಟರಾಯಿತು ಎಂದುಕೊಂಡ. ಇಂಥ ಹೊತ್ತಿನಲ್ಲೂ ಗೆಲ್ಲಬೇಕು ಅನಿಸಿತಲ್ಲ ಅವನಿಗೆ!

ಜೀಪು ಮೂಲೆಯಲ್ಲಿ ನಿಲ್ಲಲಿಲ್ಲ. ಪೇಟೆ ದಾಟಿತು. ಸದ್ದು ಸಣ್ಣದಾಗುತ್ತ ಹೋದಂತೆ ತೋಟಪ್ಪನ ಕೈಯ ವಿಭೂತಿ ಗಟ್ಟಿ ಕೆಳಗೆ ಬಿತ್ತು.

"ಯಾಕ್ರೀ, ಹಿಂಗ್ಯಾಕೆ ಬೆವತೀರಿ?" ಅಂದಳು ಬಸಕ್ಕ.

ಅವನು ಹೇಳಿದ. "ಓಡ್ರೀ!" ಅಂದಳು. "ನಿಂತೀರಲ್ಲ, ಓಡ್ರಿ!"

ಅರವತ್ತು ದಾಟಿದ, ಸೈಕಲ್ ಬಾರದ ಮನುಷ್ಯ ಶಿರಾಳಕೊಪ್ಪದ ರಸ್ತೆಯಲ್ಲಿ ಬರಿಗಾಲಿನಲ್ಲಿ ಓಡಿದ. ಓಡಲಾಗದಾಗ ನಡೆದ, ಮತ್ತೆ ಓಡಿದ. ಎರಡು ಮೈಲಿಯಾಚೆ, ಹುಣಸೆ ಮರಗಳ ಸಾಲಿನಲ್ಲಿ ಜೀಪು ಬಾನೆಟ್ಟು ತೆರೆದು ನಿಂತಿತ್ತು. ವೀರಬಸಪ್ಪ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟ್ರಿ ಅರ್ಧ ಇಳಿಸಿದ್ದ. ಟ್ಯಾಂಕಿಗೆ ಕಡ್ಡಿ ಇಳಿಬಿಟ್ಟು ನೋಡಿದ್ದ, ತುಂಬಿತ್ತು. ಏನಾಗಿದೆ ಎಂದು ಅವನಿಗೆ ತಿಳಿಯುತ್ತಿರಲಿಲ್ಲ.

"ನಲ್ಲಿ," ಅಂದ ತೋಟಪ್ಪ, ಉಸಿರು ಸಾಲದೆ. "ಸೀಟಿನ ಕೆಳಗೆ. ನಿನ್ನೆ ನಾನೇ ಮುಚ್ಚೀನಿ."

ವೀರಬಸಪ್ಪ ಸೀಟು ಎತ್ತಿ ನಲ್ಲಿ ತೆರೆದು ಸೆಲ್ಫ್ ಹೊಡೆದ. ಎಂಜಿನ್ ತಿರುಗಿತು, ಹತ್ತಲಿಲ್ಲ. ಇನ್ನೊಮ್ಮೆ ಹೊಡೆದ. ಇನ್ನೂ ನಿಧಾನವಾಗಿ ತಿರುಗಿತು. ಅವನು ಸ್ಟೇರಿಂಗು ಹಿಡಿದ, ಅಪ್ಪನೂ ಪರಮಶಿವಪ್ಪನೂ ಸೇರಿ ತಳ್ಳಿದರು. ತೋಟಪ್ಪನ ಅಂಗಾಲಿನಿಂದ ರಕ್ತ ಬರುತ್ತಿತ್ತು, ಆದರೂ ತಳ್ಳಿದ. ಜೀಪು ಉರುಳಿತು, ಉಸಿರಾಡಲಿಲ್ಲ.

"ತೆರೆದ್ಮೇಲೆ ಚಾಲೂ ಆಗಬೇಕಲ್ಲೋ?" ಅಂದ ತೋಟಪ್ಪ. "ಎಣ್ಣಿ ಐತಲ್ಲ, ಟ್ಯಾಂಕ್ ತುಂಬ ಐತಲ್ಲ!"

"ಪೈಪಿನಾಗೆ ಗಾಳಿ ಹೊಕ್ಕಿರಬೇಕು," ಅಂದ ವೀರಬಸಪ್ಪ. "ಅದನ್ನ ಹೆಂಗೆ ತೆಗೆಯೋದು ನಂಗೊತ್ತಿಲ್ಲ. ಪೆಟ್ರೋಲ್ ಗಾಡಿ ಆಗಿದ್ರೆ ಇಷ್ಟೊತ್ತಿಗೆ ಚಾಲೂ ಆಗ್ತಿತ್ತಪ್ಪಾ."

ವನಜಮ್ಮ ಜೀಪಿನಿಂದ ಇಳಿದಳು. ಮಾವನ ಮುಖ ನೋಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಸೊರಬದ ದಿಕ್ಕಿಗೆ ನಡೆಯತೊಡಗಿದಳು. ಮೂವತ್ತು ಮೈಲಿಗೂ ಮೇಲಿನ ದಾರಿ. ಪರಮಶಿವಪ್ಪ ಅವಳ ಹಿಂದೆ ಹೋದ. ಒಂದು ಲಾರಿ ಎದುರಿನಿಂದ ಬಂತು, ಶಿಕಾರಿಪುರಕ್ಕೆ ಹೋಗುವುದು. ಎತ್ತಿನ ಗಾಡಿಗಳೂ ಕಾಣಲಿಲ್ಲ. ಸೋಮವಾರ ಅಲ್ಲವೆ? ಬಿಸಿಲು ನೆತ್ತಿ ದಾಟಿದ ಮೇಲೆ ಮಧ್ಯಾಹ್ನದ ಬಸ್ಸು ಹಿಂದಿನಿಂದ ಬಂದು ಅವರನ್ನು ಹತ್ತಿಸಿಕೊಂಡಿತು.

ಸೊರಬದಿಂದ ಬಾಡಿಗೆ ಸೈಕಲ್ಲಿನ ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಪರಮಶಿವಪ್ಪ ಉಳವಿ ಮುಟ್ಟಿದಾಗ ದೀಪ ಹಚ್ಚಿದ್ದರು. ಮನೆಯ ಮುಂದೆ ಜನ ಇದ್ದರು. ಒಳಗೆ ಭಜನೆಯವರ ತಾಳ ಕೇಳುತ್ತಿತ್ತು. ಅದು ಕೇಳಿದ ಮೇಲೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

ಲೋಕಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಿಗೆ ಸೇವಂತಿಗೆ. ಜೀಪಿನಲ್ಲಿ ಬಂದ ಆ ಶುಕ್ರವಾರ ಕೂತಿದ್ದಂತೆಯೇ ಕೂತಿದ್ದಳು.

"ಹೊತ್ತು ಬಾಗೋತನಕ ಜೀವ ಇತ್ತು," ಅಂದ ಜಯಪ್ಪ. "ಮೋಟಾರ್ ಸದ್ದು ಕೇಳ್ತೈತಾ ನೋಡು, ನೋಡು ಅಂತಿದ್ಲು. ನಾನು ನೀರು ಬಿಡಕೆ ಹೋದ್ರೆ ಹಲ್ಲು ಕಚ್ಕಂಡ್ಲು. ವನಜಿ ಬರ್ಲಿ ಅಂದ್ಲು. ಕುಡೀಲೇ ಇಲ್ಲ ಕಣೇ."

ವನಜಮ್ಮ ಬಟ್ಟಲು ತೆಗೆದುಕೊಂಡು ಅವ್ವನ ತುಟಿಗೆ ನೀರು ಬಿಟ್ಟಳು. ನೀರು ಗದ್ದದ ಮೇಲಿಂದ ಇಳಿದು ಹೊಸ ಸೀರೆ ತೋಯಿಸಿತು. ಇನ್ನೊಮ್ಮೆ ಬಿಟ್ಟಳು, ಅದೂ ಇಳಿಯಿತು. ಮೂರನೆಯ ಸಲ ಜಯಪ್ಪ ಅವಳ ಕೈಯಿಂದ ಬಟ್ಟಲು ತೆಗೆದುಕೊಂಡ. ಆಮೇಲೆ ಅವಳು ಅತ್ತ ಅಳು ಕೇಳಿದವರು ಬಹಳ ದಿನ ಅದರ ಮಾತಾಡಿದರು.

ಮಣ್ಣು ಮಾಡಿ, ಶಿವಗಣಾರಾಧನೆ ಮುಗಿಸಿಕೊಂಡು ಅವಳು ಶಿಕಾರಿಪುರಕ್ಕೆ ಬಸ್ಸಿನಲ್ಲಿ ಬಂದಳು. ಕರೆತರಲು ಜೀಪು ಕಳಿಸುವುದಾಗಿ ಹೇಳಿಕಳಿಸಿದ್ದರು, ಬೇಡ ಅಂದಿದ್ದಳು. ಬಂದ ದಿನವೇ ಒಲೆ ಮುಂದೆ ಕೂತು ರೊಟ್ಟಿ ಬಡಿದಳು. ಬಸಕ್ಕ ಪಕ್ಕದಲ್ಲಿ ಕೂತು ಏನು ಮಾತಾಡುವುದೆಂದು ತಿಳಿಯದೆ ಮನೆಯ ಸುದ್ದಿಯೆಲ್ಲ ಹೇಳತೊಡಗಿದಳು. ಮೇಸ್ತ್ರಿ ಬಂದು ಗಾಳಿ ತೆಗೆದುಹೋದ. ಹೊಸ ಬ್ಯಾಟ್ರಿ ಹಾಕಿಸಿದರು. ಮೆಣಸಿನಕಾಯಿಗೆ ಒಳ್ಳೆ ಧಾರಣೆ ಬಂದಿದೆ.

"ಮೊನ್ನೆ ಸೋಮವಾರ ಆನವಟ್ಟಿಗೆ ಹೋಗಿ ಬಂತು ನೋಡು," ಅಂದುಬಿಟ್ಟು ಬಸಕ್ಕ ತುಟಿ ಕಚ್ಚಿಕೊಂಡಳು.

ವನಜಮ್ಮನ ಕೈ ನಿಂತಿತು. "ಸೋಮವಾರ ಹೂಡಿದ್ರಾ?"

"ಒಂದು ಸಲ ಮುರಿದ ನೇಮ, ಇನ್ನು ಇಟ್ಕಂಡು ಏನು ಅಂದ್ರು ನಿಮ್ಮ ಮಾವ. ನಿನ್ನ ಸಂಕಟಕ್ಕೇ ಕಣೇ, ಅವರಿಗೂ ನಿದ್ದಿಲ್ಲ, ಊಟ ಇಲ್ಲ."

ಊಟಕ್ಕೆ ತೋಟಪ್ಪ ಬಂದು ಕೂತ. ಅಂಗಾಲಿಗೆ ಇನ್ನೂ ಬಟ್ಟೆ ಕಟ್ಟಿತ್ತು. ವನಜಮ್ಮ ರೊಟ್ಟಿ, ಪಲ್ಯ ತಂದು ಬಡಿಸಿದಳು. ಅವಳು ತಿರುಗುವಷ್ಟರಲ್ಲಿ ಅವನು ತಟ್ಟೆಯನ್ನು ನೋಡುತ್ತಲೇ ಮಾತಾಡಿದ. ಬಸಕ್ಕನಿಗೆ ಹೇಳಲಿಲ್ಲ, ಅವಳಿಗೇ ಹೇಳಿದ.

"ವನಜಾ, ನಲ್ಲಿ ಹಿಡಿಕಿ ಕಿತ್ತು ಬಿಸಾಕೀನಿ. ಇನ್ಮೇಲೆ ಯಾರೂ ಅದನ್ನ ಮುಚ್ಚಾಕೆ ಆಗಂಗಿಲ್ಲ. ನಿನ್ನ ಸಲುವಾಗಿ ಸೋಮವಾರದ ನೇಮನೂ ಬಿಟ್ಟೀನಿ ತಾಯಿ. ಯಾವ ಸೋಮವಾರ ಬೇಕಾದ್ರೂ ಹೇಳು, ಗಾಡಿ ಹೋಗ್ತತಿ."

ವನಜಮ್ಮ ಪಲ್ಯದ ಪಾತ್ರೆ ಹಿಡಿದುಕೊಂಡು ನಿಂತಳು.

"ಎಲ್ಲಿಗ್ರೀ ಮಾವಾರೆ?" ಅಂದಳು.

ಅವಳು ಸಿಟ್ಟಿನಿಂದ ಕೇಳಲಿಲ್ಲ, ಉತ್ತರಕ್ಕೆ ಕಾದೇ ನಿಂತಿದ್ದಳು. ತೋಟಪ್ಪ ಮುರಿದ ರೊಟ್ಟಿಯ ತುಂಡು ತಟ್ಟೆಗೆ ವಾಪಸು ಇಟ್ಟು ಕೈ ತೊಳೆದುಕೊಂಡ.